ಮೇಷ್ಟ್ರ ಗರಿಯ ಬೂದಿನೊಣ

ಬೆಳಗಿನ ಐದೂವರೆ. ಹಿತ್ತಿಲಿನ ತಗಡಿನ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಹೆಂಗಸು ಬಾಗಿಲು ತೆರೆಯುವುದಿಲ್ಲ. ತಗಡಿಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ಕೇಳುತ್ತಾರೆ. ಒಳಗೆ ಹದಿನಾಲ್ಕು ಕೋಳಿಗಳಿವೆ. ಯಾವುದಾದರೂ ಸೀನುತ್ತಿದೆಯೇ, ಯಾವುದರ ಗಂಟಲಾದರೂ ಗೊರಗೊರ ಎನ್ನುತ್ತಿದೆಯೇ ಎಂದು ಆಲಿಸುತ್ತಾರೆ. ಎರಡು ನಿಮಿಷ ಕಳೆದ ಮೇಲೆ "ಸದ್ಯ" ಎಂದು ಒಂದೇ ಮಾತು ಹೇಳಿ ಚಿಲಕ ತೆಗೆಯುತ್ತಾರೆ.

ಮೊದಲು ಹೊರಗೆ ಬರುವುದು ಹುಂಜ. ಬೀದಿಯವರು ಅದಕ್ಕಿಟ್ಟ ಹೆಸರು ಮೇಷ್ಟ್ರು. ಕೈ ಹಿಂದೆ ಕಟ್ಟಿಕೊಂಡವರ ಹಾಗೆ ಎದೆಯುಬ್ಬಿಸಿ ನಾಲ್ಕು ಹೆಜ್ಜೆ ಹಾಕುತ್ತದೆ, ನಿಲ್ಲುತ್ತದೆ, ಹಿಂದೆ ಬರುವ ಹೇಟೆಗಳ ಹಾಜರಿ ತೆಗೆದುಕೊಳ್ಳುತ್ತದೆ. ಕುತ್ತಿಗೆಯ ಗರಿಗಳ ಮೇಲೆ ಬೆಳಕು ಬಿದ್ದಾಗ, ಇವರ ಬಗ್ಗೆ ಬರೆಯಲು ಬಂದ ನನಗೂ ಬೇರೆ ಹುಂಜಗಳಿಗಿಂತ ಇದರ ವ್ಯತ್ಯಾಸ ಕಾಣುತ್ತದೆ. ಗರಿಯ ನಡುಭಾಗ ಬೂದಿಯ ಬಣ್ಣ, ಅಂಚು ಜೇನಿನ ಬಣ್ಣ. ಎರಡೂ ಒಂದೇ ಗರಿಯಲ್ಲಿ.

"ಇವತ್ತು ಸೋಮವಾರ ಅಲ್ವಾ? ಶುಕ್ರವಾರದವರೆಗೆ ಹೇಗೆ ತಳ್ಳೋದು ಅಂತ ಗೊತ್ತಾಗ್ತಿಲ್ಲ" ಎನ್ನುತ್ತಾ ಅವರು ಏಳುತ್ತಾರೆ. ಮೊಣಕಾಲು ಕಟಕ್ ಎನ್ನುತ್ತದೆ.

ಬೀದಿಗೆಲ್ಲ ಇವರು ನೊಣದಕ್ಕ. ವಯಸ್ಸು ಐವತ್ತೆಂಟು. ಮೂವತ್ತೊಂದು ವರ್ಷದಿಂದ ಇವರು ಗಾಳದ ನೊಣ ಕಟ್ಟುತ್ತಿದ್ದಾರೆ. ಪುಟ್ಟ ಕೊಕ್ಕೆಗೆ ನೂಲು, ತುಪ್ಪಳ, ಗರಿ ಸುತ್ತಿ ನೀರ ಮೇಲೆ ತೇಲುವ ಹುಳದಂತೆ ಮಾಡುವ ಕೆಲಸ ಅದು. ಎರೆಹುಳ ಚುಚ್ಚದೆ, ಬರೀ ಕೈಚಳಕದಿಂದ ಮೀನು ಹಿಡಿಯುವ ನದಿಯ ಹವ್ಯಾಸಿಗಳು ಇದನ್ನು ಕೊಳ್ಳುತ್ತಾರೆ. ಮೀನು ನಂಬಬೇಕು, ಬಾಯಿ ಹಾಕಬೇಕು. ಕೆಲಸದ ತಿರುಳು ಅಷ್ಟೇ.

"ಕೆಲಸ ಇಲ್ದೋರು ನೊಣ ಹೊಡೀತಾರೆ ಅಂತಾರಲ್ಲ, ನಾನು ನೊಣ ಕಟ್ಟಿ ಹೊಟ್ಟೆ ಹೊರ್ಕೊಂಡೋಳು" ಎನ್ನುವುದು ಹೊಸಬರಿಗೆಲ್ಲ ಅವರು ಹೇಳುವ ತಮಾಷೆ. ನನಗೂ ಹೇಳಿದರು. ಆದರೆ ನಗುವುದನ್ನು ನನಗೊಬ್ಬನಿಗೇ ಬಿಟ್ಟು, ಕಣ್ಣನ್ನು ಗೂಡಿನ ಕಡೆಗೆ ಹೊರಳಿಸಿದರು.

ಕಾರಣ ಇದು. ಎರಡು ದಿನದ ಹಿಂದೆ ಬೀದಿಯ ಕೊನೆಯ ಕೊಳದಲ್ಲಿ ಐದು ಬಾತುಕೋಳಿಗಳು ಸತ್ತು ತೇಲಿದವು. ಹಕ್ಕಿಜ್ವರದ ಅನುಮಾನ. ಪಶುವೈದ್ಯೆಯೊಬ್ಬರು ಮನೆಮನೆಗೆ ಬಂದು, ಕೋಳಿಗಳ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಮಾದರಿ ತೆಗೆದುಕೊಂಡು ಹೋಗಿದ್ದಾರೆ. ಫಲಿತಾಂಶ ಶುಕ್ರವಾರ ಬರುತ್ತದೆ. ಜ್ವರ ಖಚಿತವಾದರೆ ಕೊಳದ ಸುತ್ತ ಐನೂರು ಮೀಟರಿನೊಳಗೆ ರೆಕ್ಕೆಯಿರುವ ಒಂದು ಸಾಕುಪ್ರಾಣಿಯೂ ಉಳಿಯುವಂತಿಲ್ಲ.

ಹದಿಮೂರು ಹೇಟೆ ಹೋದರೆ ಮತ್ತೆ ತರಬಹುದು. ಮೇಷ್ಟ್ರು ಹೋದರೆ ಆ ಬಣ್ಣದ ಗರಿಯಲ್ಲಿ ಅವರು ಹನ್ನೊಂದು ವರ್ಷದಿಂದ ಕಟ್ಟಿಕೊಂಡು ಬಂದ ನೊಣವೇ ಹೋಗುತ್ತದೆ.

ಕಿಟಕಿಯ ಪಕ್ಕದ ಮೇಜಿನ ಅಂಚಿನಲ್ಲಿ ಕೊಕ್ಕೆಯನ್ನು ಬಿಗಿಹಿಡಿಯುವ, ಹೆಬ್ಬೆರಳು ಗಾತ್ರದ ವೈಸ್ ಇದೆ. ಅದರ ದವಡೆಯಲ್ಲಿ ಅಕ್ಕಿಕಾಳಿಗಿಂತ ತುಸು ಉದ್ದದ ಕೊಕ್ಕೆ. ನೊಣದಕ್ಕ ಕೊಕ್ಕೆಯ ಬೆನ್ನಿಗೆ ಬೂದು ನೂಲು ಸುತ್ತುತ್ತಾರೆ. ನಾಲ್ಕು ಎಳೆ ಗರಿಯಿಂದ ಬಾಲ. ಮೊಲದ ತುಪ್ಪಳವನ್ನು ನೂಲಿಗೆ ಹೊಸೆದು ಸುತ್ತಿದರೆ ಮೈ. ಎರಡು ಪುಟಾಣಿ ಗರಿತುದಿ ನೆಟ್ಟಗೆ ನಿಲ್ಲಿಸಿದರೆ ರೆಕ್ಕೆ. ಕೊನೆಗೆ ಕುತ್ತಿಗೆಗೆ ಹುಂಜದ ಗರಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದಾಗ ಎಳೆಗಳೆಲ್ಲ ಕುಂಚದ ಹಾಗೆ ಸುತ್ತಲೂ ಬಿಚ್ಚಿಕೊಳ್ಳುತ್ತವೆ. ನೊಣ ನೀರಿನ ಮೇಲೆ ನಿಲ್ಲುವುದು ಆ ಎಳೆಗಳ ಬಲದಿಂದ. ಒಂದು ನೊಣಕ್ಕೆ ಹನ್ನೆರಡು ನಿಮಿಷ, ದಿನಕ್ಕೆ ಮೂರು ಡಜನ್.

ಈ ನಮೂನೆಯ ಹೆಸರು ಬೂದಿನೊಣ. ನೂರು ವರ್ಷಕ್ಕೂ ಹಳೆಯದು. ಹಳೆಯ ಲೆಕ್ಕದ ಪ್ರಕಾರ ಕುತ್ತಿಗೆಗೆ ಎರಡು ಗರಿ ಬೇಕು, ಒಂದು ಕಂದು, ಒಂದು ಬೂದು, ಎರಡನ್ನೂ ಜೋಡಿಸಿ ಐದು ಸುತ್ತು. ನೊಣದಕ್ಕ ಅಂಗಡಿಗೆ ಕಟ್ಟುವ ಮೂರು ಡಜನ್ನೂ ಹಾಗೆಯೇ. ಆದರೆ ಡಬ್ಬಿಯ ಒಂದು ಮೂಲೆಯಲ್ಲಿ ಬೇರೆ ನೊಣಗಳಿವೆ. ಅವಕ್ಕೆ ಎರಡರ ಬದಲು ಮೇಷ್ಟ್ರ ಒಂದೇ ಗರಿ. ಐದರ ಬದಲು ಮೂರೇ ಸುತ್ತು. ಹೊಟ್ಟೆಯ ಕೆಳಗಿನ ಎಳೆಗಳನ್ನು ಕತ್ತರಿಯಿಂದ ಸವರಿರುತ್ತಾರೆ. ಹಾಗಾಗಿ ಅದು ನೀರಿನ ಮೇಲೆ ಠಾಕುಠೀಕಾಗಿ ನಿಲ್ಲುವುದಿಲ್ಲ. ಅರ್ಧ ಮುಳುಗಿ, ಸೋತು, ಇನ್ನೇನು ಹೋಗಿಯೇಬಿಟ್ಟಿತು ಎನ್ನುವ ಹುಳದಂತೆ ತೇಲುತ್ತದೆ.

"ಗಟ್ಟಿಮುಟ್ಟಾಗಿರೋ ಹುಳದ ಹಿಂದೆ ಯಾವ ಮೀನು ಹೋಗುತ್ತೆ? ಸುಸ್ತಾಗಿರೋದನ್ನೇ ಹುಡುಕುತ್ತೆ" ಎಂದು ಅವರು ವಿವರಿಸುತ್ತಾರೆ. "ಒಂದೇ ಗರಿ ಆದ್ರೆ ಕುತ್ತಿಗೆ ದಪ್ಪ ಆಗಲ್ಲ. ಬಣ್ಣಾನೂ ಒಂದರೊಳಗೊಂದು ಕರಗಿರುತ್ತೆ. ಎರಡು ಗರಿ ಹಾಕಿದ್ರೆ ಅದು ಪಟ್ಟೆಪಟ್ಟೆ ಕಾಣ್ಸುತ್ತೆ, ನಮಗಲ್ಲ, ಮೀನಿಗೆ."

ಕಲಿಸಿದವರು ಅವರ ಹಳೆಯ ಮನೆಯ ಮೇಲಂತಸ್ತಿನಲ್ಲಿದ್ದ ನಿವೃತ್ತ ಹಡಗಿನ ಅಡುಗೆಯವರು, ಮಹಡಿ ತಾತ. ಆಗ ನೊಣದಕ್ಕ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿತು. ತಕ್ಕಡಿ ರಿಪೇರಿ ಮಾಡುತ್ತಿದ್ದ ಗಂಡನ ಕೆಲಸವೂ ವಿದ್ಯುತ್ ತಕ್ಕಡಿಗಳು ಬಂದ ಮೇಲೆ ಸೊರಗಿತು. ತಾತ ಕರೆದು ಎದುರಿಗೆ ಕೂರಿಸಿಕೊಂಡರು. ಮೊದಲ ಇನ್ನೂರು ನೊಣಗಳನ್ನು ಒಂದೊಂದಾಗಿ ನೋಡಿ ಒಲೆಗೆ ಹಾಕಿದರು.

"'ನೊಣ ನೋಡಿದ್ರೆ ಮೀನಿಗೆ ಹಸಿವಾಗಬೇಕು, ನನಗೆ ನಗು ಬರಬಾರದು' ಅನ್ನೋರು. ಅಳು ಬರೋದು. ಆದ್ರೆ ಇನ್ನೂರ ಒಂದನೇದನ್ನ ಒಲೆಗೆ ಹಾಕಲಿಲ್ಲ, ಜೇಬಿಗೆ ಹಾಕ್ಕೊಂಡ್ರು."

ತಾತನ ಇನ್ನೊಂದು ಮಾತು ಮಾತ್ರ ಇವರಿಗೆ ಇಂದಿಗೂ ಚುಚ್ಚುತ್ತದೆ. ನೂರು ವರ್ಷ ಬಾಳಿದ ನೊಣಕ್ಕೆ ನಿನ್ನ ಜಾಣತನ ಸೇರಿಸಬೇಡ ಎಂದಿದ್ದರಂತೆ. ತಾತ ತೀರಿಕೊಂಡು ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಕಂದು ಗರಿ ಮುಗಿದುಹೋಯಿತು. ಹಿತ್ತಿಲಲ್ಲಿ ವಿಚಿತ್ರ ಬಣ್ಣದ ಒಂದು ಹುಂಜವಿತ್ತು, ಭಾನುವಾರದ ಊಟಕ್ಕೆಂದು ಗೊತ್ತುಮಾಡಿದ್ದು. ಅದರ ಕುತ್ತಿಗೆಯಿಂದ ಒಂದು ಗರಿ ಕಿತ್ತು, ಇದ್ದಷ್ಟರಲ್ಲಿ ಮೂರು ಸುತ್ತು ಸುತ್ತಿ, ಇದನ್ನು ಅಂಗಡಿಗೆ ಕೊಡಲಾಗದು ಎಂದು ತಮ್ಮನ ಕೈಗಿತ್ತರು. ತಮ್ಮ ಲಾರಿ ಓಡಿಸುವವರು, ಭಾನುವಾರ ನದಿಗೆ ಹೋಗುವವರು. ಸಂಜೆ ಬಂದು ನೊಣವನ್ನು ಮೇಜಿನ ಮೇಲಿಟ್ಟರು. ಬಾಲ ಕಿತ್ತುಹೋಗಿತ್ತು, ಮೈ ಬಿಚ್ಚಿಕೊಂಡಿತ್ತು.

"ಒಂಬತ್ತು ಮೀನು ಅಕ್ಕ, ಇನ್ನೊಂದು ಕೊಡು ಅಂದ. ಭಾನುವಾರದ ಊಟಕ್ಕೆ ಸೊಪ್ಪು ಬೇಯಿಸ್ದೆ. ಹುಂಜ ಉಳ್ಕೊಂಡ್ತು."

ಮೇಷ್ಟ್ರು ಆ ಹುಂಜದ ಮೊಮ್ಮಗ. ಹನ್ನೊಂದು ವರ್ಷದಲ್ಲಿ ಆ ಬಣ್ಣ ಹೊತ್ತು ಹುಟ್ಟಿದ್ದು ಮೂರೇ ಹುಂಜ. ಎರಡು ತಿಂಗಳಿಗೊಮ್ಮೆ ಗಂಡ ಹುಂಜವನ್ನು ತೊಡೆಯ ಮೇಲೆ ಮಲಗಿಸಿ ಹಿಡಿಯುತ್ತಾರೆ, ಇವರು ಬಲಿತ ಗರಿಗಳನ್ನು ಮಾತ್ರ ಕೀಳುತ್ತಾರೆ, ಒಂದು ಸಲಕ್ಕೆ ನಲವತ್ತು. ಒಂದು ಗರಿಗೆ ಒಂದು ನೊಣ. ನದಿಯ ಕಡೆ ಇದನ್ನು 'ಮೂರು ಸುತ್ತಿನದು' ಎಂದು ಕೇಳಿ ಕೊಳ್ಳುತ್ತಾರೆ. ಡಬ್ಬಿಯ ಮೇಲೆ ಕಟ್ಟಿದವರ ಹೆಸರಿಲ್ಲ. ಅದರ ಬಗ್ಗೆ ಇವರಿಗೆ ದೂರೂ ಇಲ್ಲ. "ಹೆಸರು ತಗೊಂಡು ಮೀನಿಗೇನಾಗಬೇಕು?" ಎನ್ನುತ್ತಾರೆ.

ಬುಧವಾರ ನಾನು ಮತ್ತೆ ಹೋದಾಗ ಮನೆಯಲ್ಲಿ ಜೋರು ಮಾತು ನಡೆದಿದೆ. ತಮ್ಮ ಬಂದಿದ್ದಾರೆ. ಬಾಗಿಲಲ್ಲಿ ಲಾರಿ, ಕೈಯಲ್ಲಿ ಮುಚ್ಚಳದ ಬುಟ್ಟಿ. ಹಿಂದಿನ ರಾತ್ರಿ ಒಂದು ಹೇಟೆ ಮೇವು ಮುಟ್ಟಿಲ್ಲ. ನೊಣದಕ್ಕನ ಕಣ್ಣ ಕೆಳಗೆ ಕಪ್ಪು ಇಳಿದಿದೆ. ವೈಸ್‌ನಲ್ಲಿ ಅರ್ಧ ಕಟ್ಟಿದ ನೊಣ ಹಾಗೇ ಇದೆ.

"ಒಂದೇ ಒಂದು ಹುಂಜ ಅಕ್ಕ" ಎನ್ನುತ್ತಿದ್ದಾರೆ ತಮ್ಮ. "ನಮ್ಮನೆ ಇಲ್ಲಿಂದ ನಲವತ್ತು ಕಿಲೋಮೀಟರು. ಹದಿನಾಲ್ಕು ಇದ್ದದ್ದು ಹದಿಮೂರಾದ್ರೆ ಯಾರು ಎಣಿಸ್ತಾರೆ?"

"ಡಾಕ್ಟರಮ್ಮ ಬರ್ಕೊಂಡು ಹೋಗಿದಾರೆ."

"ಬೆಕ್ಕು ಹಿಡ್ಕೊಂಡು ಹೋಯ್ತು ಅನ್ನು."

ಮೂಲೆಯ ಕುರ್ಚಿಯಲ್ಲಿದ್ದ ಗಂಡ ಮೆಲ್ಲನೆ, "ಮೇಷ್ಟ್ರನ್ನ ಹಿಡಿಯೋ ಬೆಕ್ಕು ಇನ್ನೂ ಹುಟ್ಟಿಲ್ಲ" ಎಂದರು.

ಆಮೇಲೆ ನೊಣದಕ್ಕ ಎದ್ದು ಬುಟ್ಟಿ ತೆಗೆದುಕೊಂಡು ಹಿತ್ತಿಲಿಗೆ ಹೋದರು. ಬರುವಾಗ ಬುಟ್ಟಿ ತುಂಬಿತ್ತು. ನನ್ನ ಕಡೆ ನೋಡಿ "ಇದನ್ನ ಬರೀತೀರಾ?" ಎಂದರು. ಲಾರಿ ಹತ್ತಿ ಬಾಗಿಲ ಪಕ್ಕ ಕೂತೆ, ಅವರು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮಿಬ್ಬರ ನಡುವೆ ಕೂತರು. ತಪ್ಪು ನಡೆಯುತ್ತಿದೆ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅದನ್ನೂ ಇಲ್ಲಿ ಬರೆಯುವುದು ನ್ಯಾಯ.

ಲಾರಿ ಎರಡು ತಿರುವು ದಾಟಿತು. ಪೆಟ್ರೋಲ್ ಬಂಕಿನ ಹತ್ತಿರ, ಬುಟ್ಟಿಯೊಳಗೆ ಮೇಷ್ಟ್ರು ಒಮ್ಮೆ ಸೀನಿತು. ಹುಲ್ಲಿನ ದೂಳಿರಬಹುದು. ತಮ್ಮ ಅದನ್ನೇ ಹೇಳಿದರು, "ದೂಳು ಅಕ್ಕ, ದೂಳು." ನೊಣದಕ್ಕ ಮುಚ್ಚಳದ ಮೇಲೆ ಅಂಗೈ ಇಟ್ಟು ಕೂತರು. ಇನ್ನೊಂದು ತಿರುವು ಬಂತು.

"ನಿನ್ನ ಹೆಂಡ್ತಿ ಎಷ್ಟು ಕೋಳಿ ಸಾಕಿದಾಳೆ ಈಗ?"

"ನೂರೈವತ್ತರ ಮೇಲಿರಬೇಕು. ಯಾಕೆ?"

"ನಿಲ್ಸು."

"ಅಕ್ಕ..."

"ನಿಲ್ಸೋ."

ನಾನು ಇಳಿದು ದಾರಿ ಬಿಟ್ಟೆ. ಬುಟ್ಟಿ ಹಿಡಿದುಕೊಂಡು ಇಳಿದವರು ತಿರುಗಿ ನೋಡದೆ ನಡೆದರು. ನಾನು ಹಿಂದೆ ಓಡಬೇಕಾಯಿತು. ಅರ್ಧ ದಾರಿಯಲ್ಲಿ ಅವರೇ ಮಾತಾಡಿದರು. "ಇದನ್ನ ಒಳ್ಳೇತನ ಅಂತ ಬರೀಬೇಡಿ. ಹೆದರಿಕೆ, ಅಷ್ಟೇ. ಅವಳ ಗೂಡಲ್ಲಿ ನಾಳೆ ಒಂದು ಕೋಳಿ ಸತ್ರೂ ನನ್ನ ಕೈಲಿ ಅನ್ನ ನುಂಗೋಕಾಗಲ್ಲ." ಮನೆ ತಲುಪಿದ ಮೇಲೆ ಮೇಷ್ಟ್ರನ್ನು ಬಿಟ್ಟರು. ಅದು ಏನೂ ಆಗಿಲ್ಲವೆಂಬಂತೆ ಹೇಟೆಗಳ ಹಾಜರಿ ತೆಗೆದುಕೊಳ್ಳತೊಡಗಿತು. ಮೇವು ಬಿಟ್ಟಿದ್ದ ಹೇಟೆಯೂ ಸಂಜೆಯ ಹೊತ್ತಿಗೆ ನಾಲ್ಕು ಕಾಳು ಹೆಕ್ಕಿತು. ಅದನ್ನು ಕಂಡು ಗಂಡಹೆಂಡಿರ ಮುಖದಲ್ಲಿ ಮೂಡಿದ ಆಸೆಯನ್ನು ನೋಡುವುದು, ಹೆದರಿಕೆಯನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು.

ಶುಕ್ರವಾರ ಹನ್ನೊಂದು ಗಂಟೆಗೆ ಪಶುವೈದ್ಯೆ ಬಂದರು. ಹಿಂದೆ ಬಿಳಿಯ ಮುಚ್ಚುಡುಪಿನ ಇಬ್ಬರು ಇದ್ದರು. ಅವರನ್ನು ನೋಡಿದ ಕೂಡಲೇ ನೊಣದಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿದ್ದ ನೂಲಿನ ಉಂಡೆಯನ್ನು ಸರಿಮಾಡಿ, ಮತ್ತೆ ಕತ್ತರಿಯನ್ನು ಸರಿಮಾಡಿದರು.

"ನಿಮ್ಮ ಕೋಳಿಗಳದ್ದು ಏನೂ ಬಂದಿಲ್ಲ, ಚೆನ್ನಾಗಿವೆ" ಎಂದು ವೈದ್ಯೆ ಶುರುಮಾಡಿದರು. ದನಿಯಲ್ಲೇ ಮುಂದಿನದು ಇತ್ತು. "ಆದ್ರೆ ಬಾತುಕೋಳಿಗಳದ್ದು ಖಚಿತ ಆಗಿದೆ. ನಿಮ್ಮ ಮನೆ ಕೊಳದಿಂದ ನಾನೂರ ಅರವತ್ತು ಮೀಟರ್. ನಾನೇ ಎರಡು ಸಲ ಅಳೆಸಿದೆ."

ನಲವತ್ತು ಮೀಟರಿನಲ್ಲಿ ಹೋಯಿತು. ಕೊಳದಿಂದ ಇನ್ನೂ ಆಚೆಗಿದ್ದ, ಎದುರು ಸಾಲಿನ ಕೊನೆಯ ಮನೆಯ ಕೋಳಿಗಳು ಉಳಿದವು.

ಮೇಷ್ಟ್ರನ್ನು ಮುಚ್ಚುಡುಪಿನವರು ಹಿಡಿಯಲಿಲ್ಲ. ಗಂಡ ಎತ್ತಿಕೊಂಡು ಬಂದು, ಗರಿ ಕೀಳುವ ದಿನಗಳಲ್ಲಿ ಹಿಡಿಯುವಂತೆಯೇ ಹಿಡಿದು ಕೊಟ್ಟರು. ಅದು ಕೊಸರಲಿಲ್ಲ. ಒಂದು ಹೇಟೆಯ ಕಾವಿನಲ್ಲಿದ್ದ ಹನ್ನೊಂದು ಮೊಟ್ಟೆಗಳೂ ಹೋದವು. "ಆ ಹನ್ನೊಂದರಲ್ಲಿ ಮೇಷ್ಟ್ರ ಬಣ್ಣದ್ದು ಒಂದು ಇತ್ತೋ ಏನೋ" ಎಂದರು ನೊಣದಕ್ಕ, ಯಾರಿಗೂ ಅಲ್ಲ ಎನ್ನುವಂತೆ.

ವೈದ್ಯೆ ಕಿತ್ತಿಟ್ಟ ಗರಿಗಳ ಬಗ್ಗೆಯೂ ಕೇಳಿದರು. ಇಪ್ಪತ್ತೊಂದು ದಿನಕ್ಕಿಂತ ಹಳೆಯದಾದರೆ ತೊಂದರೆಯಿಲ್ಲ, ಈಚಿನದನ್ನು ಸುಡಬೇಕು. ನೊಣದಕ್ಕ ಹಳೆಯ ಡಬ್ಬಿ ತೋರಿಸಿದರು. ಅದರಲ್ಲಿ ಅರವತ್ತಮೂರು ಗರಿಗಳಿದ್ದವು. ಹೊಸದು ಯಾವುದೂ ಇಲ್ಲ ಎಂದರು. ವೈದ್ಯೆ ಬರೆದುಕೊಂಡರು. ಗೇಟಿನ ಚಿಲಕದ ಸದ್ದು ಕೇಳಿಸಿತು. ನೊಣದಕ್ಕ ನಿಂತೇ ಇದ್ದರು. ಗಂಡ ಅವರನ್ನೇ ನೋಡುತ್ತಿದ್ದರು. ಆಮೇಲೆ ನೊಣದಕ್ಕ ಮೇಜಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದು, ಚಪ್ಪಲಿ ಹಾಕಿಕೊಳ್ಳದೆ ಗೇಟಿಗೆ ನಡೆದರು.

"ಡಾಕ್ಟರಮ್ಮ, ಇದು ಹದಿನೇಳು ದಿನದ್ದು. ನಲವತ್ತಿದೆ. ಸುಳ್ಳು ಹೇಳಿದ್ದೆ."

ವೈದ್ಯೆ ಲಕೋಟೆಯನ್ನು ತೆಗೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. "ಇವತ್ತು ಇದು ಹದಿನೆಂಟನೇ ಮನೆ ನನಗೆ" ಎಂದಷ್ಟೇ ಹೇಳಿ ಅವರ ಮೊಣಕೈಯನ್ನು ಒಮ್ಮೆ ಮುಟ್ಟಿದರು.

ಈ ಲೇಖನ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಮೂರು ವಾರ ಬಿಟ್ಟು ಒಂದು ಭಾನುವಾರದ ಬೆಳಿಗ್ಗೆ ಹೋದಾಗ ಆ ಕೋಣೆಯಲ್ಲಿ ನಾನು ಕಂಡದ್ದನ್ನು ಹೇಳಬೇಕು. ಕಿಟಕಿಗೆ ಅಡ್ಡಲಾಗಿ ದಾರ ಕಟ್ಟಿದೆ. ಅದರ ತುಂಬ ಬಟ್ಟೆ ಒಣಗಿಸುವ ಕ್ಲಿಪ್ಪುಗಳು, ಒಂದೊಂದರ ಬಾಯಲ್ಲಿ ಒಂದೊಂದು ಗರಿ. ಗೂಡು ಖಾಲಿ. ಮೂರು ತಿಂಗಳು ಕೋಳಿ ಸಾಕುವಂತಿಲ್ಲ. ಅರವತ್ತಮೂರರಲ್ಲಿ ಮೂವತ್ತಾರನ್ನು ಕಟ್ಟಿ, ಮೊದಲೇ ಒಪ್ಪಿಕೊಂಡಿದ್ದಂತೆ ಅಂಗಡಿಗೆ ಕಳಿಸಿದ್ದಾರೆ. ಇಪ್ಪತ್ತೇಳು ಉಳಿದಿವೆ. ಅವುಗಳಲ್ಲಿ ಒಂದನ್ನು ಬಿಳಿ ಕಾಗದಕ್ಕೆ ಅಂಟಿಸಿ ಎದುರಿಗಿಟ್ಟುಕೊಂಡಿದ್ದಾರೆ.

ಅಂಗಡಿಯ ಬಿಳಿ ಗರಿಗೆ ಮೇಷ್ಟ್ರ ಬಣ್ಣ ತರಿಸುವ ಹಟ ಅದು. ಗರಿಯ ನಡುವೆ ಕುಂಚದಿಂದ ತೆಳು ಮಸಿ, ಅಂಚಿಗೆ ಚಹಾದ ಡಿಕಾಕ್ಷನ್. ಮೊದಲು ಮಸಿ ಹರಡಿತು. ಆಮೇಲೆ ಡಿಕಾಕ್ಷನ್ ಗಟ್ಟಿಯಾಗಿ ಎಳೆಗಳು ಅಂಟಿಕೊಂಡವು. ಗಂಡ ಪ್ರತಿ ಪ್ರಯತ್ನಕ್ಕೂ ಹಳೆಯ ತಕ್ಕಡಿಯಲ್ಲಿ ಚಹಾಪುಡಿ ತೂಗಿ, ಲೆಕ್ಕವನ್ನು ಗೋಡೆಯ ಮೇಲೆ ಬರೆದಿದ್ದಾರೆ. ಇಪ್ಪತ್ತೆರಡು ಸಾಲು, ಇಪ್ಪತ್ತೊಂದಕ್ಕೆ ಕಾಟು.

"ಬೆಳಕಿಗೆ ಹಿಡಿದ್ರೆ ನಿಜವಾದ್ದು ಒಳಗಿಂದ ಹೊಳೆಯುತ್ತೆ, ಇದು ಮೇಲಿಂದ" ಎನ್ನುತ್ತಾರೆ ನೊಣದಕ್ಕ, ಕಟ್ಟುತ್ತಿದ್ದ ನೊಣದಿಂದ ಕಣ್ಣೆತ್ತದೆ. "ತಾತ ಇದ್ದಿದ್ರೆ ಒಲೆಗೆ ಹಾಕ್ತಿದ್ರು. ಆದ್ರೆ ಸುಮ್ನೆ ಕೂತ್ಕೊಳ್ಳೋಕೆ ಬರಲ್ಲ ನನಗೆ. ಕೂತ್ರೆ ಗೂಡಿನ ಕಡೆ ಕಿವಿ ಹೋಗುತ್ತೆ."

ಬೆಳಗಿನ ಜಾವವೇ ತಮ್ಮ ಎರಡು ನೊಣ ತೆಗೆದುಕೊಂಡು ನದಿಗೆ ಹೋಗಿದ್ದಾರೆ, ಒಂದು ಮೇಷ್ಟ್ರದು, ಒಂದು ಚಹಾದ್ದು. ಎರಡನ್ನೂ ಒಂದೇ ಮಡುವಿನಲ್ಲಿ, ಒಂದೊಂದು ಗಂಟೆ ಆಡಿಸಿ ಬರಬೇಕೆಂದು ಅಕ್ಕನ ಅಪ್ಪಣೆ. ಮಧ್ಯಾಹ್ನದವರೆಗೂ ನೊಣದಕ್ಕ ಆರು ಸಲ ಬಾಗಿಲಿಗೆ ಹೋಗಿಬಂದರು. ಒಂದು ರೆಕ್ಕೆಯನ್ನು ಮೂರು ಸಲ ಬಿಚ್ಚಿ ಕಟ್ಟಿದರು. ಗಂಡ ಮಾಡಿಕೊಟ್ಟ ಚಹಾ ಮುಟ್ಟದೆ ಆರಿತು.

ಲಾರಿಯ ಸದ್ದು ಕೇಳಿಸಿದಾಗ ಅವರು ಏಳಲಿಲ್ಲ. ವೈಸ್‌ನ ತಿರುಪನ್ನು ಬಿಗಿಮಾಡುತ್ತಾ ಕೂತರು.

ತಮ್ಮ ಒಳಗೆ ಬಂದು, ಟೋಪಿ ತೆಗೆದು, ಎರಡೂ ನೊಣಗಳನ್ನು ಮೇಜಿನ ಮೇಲಿಟ್ಟರು. "ಮೇಷ್ಟ್ರದಕ್ಕೆ ಐದು ಬಂತು."

"ಅದು ಬರುತ್ತೆ. ಇನ್ನೊಂದಕ್ಕೆ?"

"ಒಂದು. ಅದೂ ಚಿಕ್ಕದು. ಬಿಟ್ಟುಬಿಟ್ಟೆ."

ನೊಣದಕ್ಕ ಚಹಾದ ನೊಣವನ್ನು ಬೆರಳ ತುದಿಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕುತ್ತಿಗೆಯ ಎಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಕಡೆ ಮೀನಿನ ಹಲ್ಲು ತಾಗಿ ತುಪ್ಪಳ ಎದ್ದಿತ್ತು. ಆ ಜಾಗದ ಮೇಲೆ ಉಗುರಿನಿಂದ ಮೆಲ್ಲಗೆ ಸವರಿದರು.

"ಸೊನ್ನೆ ಅಲ್ವಲ್ಲ" ಎಂದರು. ಆಮೇಲೆ ಹೊಸ ಕೊಕ್ಕೆಯೊಂದನ್ನು ವೈಸ್‌ಗೆ ಸಿಕ್ಕಿಸುತ್ತಾ, ಗಂಡನಿಗೆ ಚಹಾಪುಡಿಯನ್ನು ಚೂರು ಕಡಿಮೆ ತೂಗಲು ಹೇಳಿ, ನನ್ನ ಕಡೆ ತಿರುಗಿದರು. "ಮುಂದಿನ ಭಾನುವಾರ ಎರಡು ಬಂದ್ರೆ ಸಾಕು ನನಗೆ."